ಕಣ್ಣು ತೆರೆಸುವ ಕುಂಚ

ನನ್ನ ಕ್ಯಾಮೆರಾ ಚೀಲದ ಒಳಜೇಬಿನಲ್ಲಿ ಒಂದು ಕುಂಚವಿದೆ. ಕಿರುಬೆರಳಿನಷ್ಟು ಹಿಡಿ, ತುದಿಯಲ್ಲಿ ಎಣಿಸಿದರೆ ಐದಾರು ಕೂದಲು. ಕಂಡವರೆಲ್ಲ ‘ಲೆನ್ಸಿನ ಧೂಳ ಝಾಡಸಾಕೇನ್ರಿ?’ ಎಂದು ಕೇಳುತ್ತಾರೆ. ‘ಹೌದ್ರಿ’ ಎಂದುಬಿಡುತ್ತೇನೆ. ನಿಜ ಹೇಳಿದರೆ ಬಸ್ಸಿನಲ್ಲಿ ನನ್ನ ಬಾಜು ಯಾರೂ ಕೂರಲಿಕ್ಕಿಲ್ಲ. ಅದು ಸತ್ತವರ ಕಣ್ಣು ತೆರೆಸುವ ಕುಂಚ.

ಗಾಬರಿಯಾಗಬೇಡಿ, ನಾನು ಮಾಟಗಾರನಲ್ಲ. ಕುಂದಗೋಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ರವಿವಾರ ಬಂತೆಂದರೆ ಹೆಗಲಿಗೆ ಕ್ಯಾಮೆರಾ, ಬಗಲಿಗೆ ಮೂರು ಕಾಲಿನ ಸ್ಟ್ಯಾಂಡು ಏರಿಸಿಕೊಂಡು ಹೊರಬೀಳುವ ಹವ್ಯಾಸ. ಹವ್ಯಾಸ ಎನ್ನುವುದು ನನ್ನ ಮಾತು. ನನ್ನ ಹೆಂಡತಿ ಅದಕ್ಕೆ ಚಟ ಎನ್ನುತ್ತಾಳೆ. ‘ಮಂದಿ ಗಂಡಂದ್ರು ರವಿವಾರ ಸಂತಿ ಮಾಡಿಕೊಂಡ ಬರತಾರ, ನೀವು ನೆರಳ ಹಿಡಕೊಂಡ ಬರತೀರಿ’ ಎಂದು ಅವಳ ಗೊಣಗಾಟ. ಅವಳದೇನೂ ತಪ್ಪಿಲ್ಲ. ಮೊದಲ ವರ್ಷ ನಾನು ತೆಗೆದದ್ದು ಬಹುಪಾಲು ನನ್ನದೇ ಹೆಬ್ಬೆರಳು, ಇಲ್ಲವೇ ಹಕ್ಕಿ ಆಗಷ್ಟೇ ಹಾರಿಹೋದ ತಂತಿ.

ನನ್ನ ಜೊತೆಗಾರ ಇಮಾಮ. ಒಂದನೆಯ ಇಯತ್ತೆಯಿಂದ ಒಂದೇ ಬೆಂಚಿನವರು ನಾವು. ಅವನ ತಂದೆ ಹಸನಸಾಬರು ಊರಿನ ಮೊದಲ ಫೋಟೋ ಸ್ಟುಡಿಯೋ ಇಟ್ಟವರು. ಅದೇ ಅಂಗಡಿಯಲ್ಲಿ ಈಗ ಇಮಾಮನ ಝೆರಾಕ್ಸ್ ಮಶೀನು ಗುರುಗುಡುತ್ತದೆ. ಬೆಳಕು ನೋಡುವ ಕಣ್ಣು ಅವನಿಗೆ ಹುಟ್ಟಿನಿಂದಲೇ ಬಂದದ್ದು. ನನಗೆ ಪುಸ್ತಕ ಓದಿ ಬಂದದ್ದು, ಅದೂ ಅರ್ಧ. ಇಬ್ಬರೂ ಅವನ ಗಾಡಿಯ ಮೇಲೆ ನವಲಗುಂದದ ಕಡೆಗೋ ಕಲಘಟಗಿಯ ಕಡೆಗೋ ಹೊರಡುತ್ತೇವೆ. ಓಡುವ ಟ್ರ್ಯಾಕ್ಟರಿನ ಜೊತೆ ಕ್ಯಾಮೆರಾವನ್ನೂ ತಿರುಗಿಸುತ್ತ ಟ್ರ್ಯಾಕ್ಟರು ಮಾತ್ರ ನಿಚ್ಚಳವಾಗಿ, ಹಿಂದಿನ ಹೊಲವೆಲ್ಲ ಗೆರೆಗೆರೆಯಾಗಿ ಬರುವಂತೆ ತೆಗೆಯುವುದು, ಗಾಳಿಗೆ ತೂಗುವ ಜೋಳದ ಬೆಳೆಯನ್ನು ಹೊಗೆಯಂತೆ ಮಾಡುವುದು, ಇಂಥವು ನಮ್ಮ ಪ್ರಯೋಗಗಳು. ಒಮ್ಮೆ ಅಣ್ಣಿಗೇರಿ ಬದಿಯ ಎರೆಹೊಲದ ಅಂಚಿನಲ್ಲಿ ಸ್ಟ್ಯಾಂಡು ಹೂಡಿ ನಿಂತಾಗ ಹೊಲದವನು ಓಡಿ ಬಂದ.

‘ಯಾಕ್ರಿ, ನಮ್ಮ ಹೊಲದಾಗಿಂದ ರೋಡ ಹೊಂಟೈತೇನ್ರಿ?’

‘ಇಲ್ರೀ ಕಾಕಾ, ಫೋಟೋ ತಗ್ಯಾಕತ್ತೀವಿ.’

‘ಯಾರದು?’

‘ಗಾಳೀದು’ ಎಂದ ಇಮಾಮ.

ಅವನು ನಮ್ಮಿಬ್ಬರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದ. ಆಮೇಲೆ ಬಹಳ ಮೆತ್ತಗೆ, ಜ್ವರ ಬಂದವರನ್ನು ಮಾತಾಡಿಸುವಂತೆ, ‘ಚಾ ಕುಡದ ಹೋಗ್ರೆಪಾ’ ಎಂದ.

ಈ ಪ್ರಯೋಗಗಳಲ್ಲಿ ನನಗೆ ಹುಚ್ಚು ಹಿಡಿಸಿದ್ದು ಒಂದು ಕಪ್ಪು ಗಾಜು. ಅದನ್ನು ಲೆನ್ಸಿನ ಮುಂದೆ ಸಿಗಿಸಿದರೆ ಹಾಡುಹಗಲಲ್ಲೂ ಕ್ಯಾಮೆರಾದ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡಬಹುದು. ಹಾಗೆ ತೆರೆದಿಟ್ಟರೆ ನಡೆದಾಡುವವರು ಯಾರೂ ಚಿತ್ರದಲ್ಲಿ ಉಳಿಯುವುದಿಲ್ಲ. ಕದಲದೆ ಇದ್ದದ್ದಷ್ಟೇ ಉಳಿಯುತ್ತದೆ. ಪುಸ್ತಕದಲ್ಲಿ ಓದಿದಾಗ ಇದು ಗಣಿತದ ಲೆಕ್ಕದಷ್ಟೇ ಸರಳ ಅನಿಸಿತ್ತು. ಒಂದು ದಿನ ಸಂತೆಯ ಹೊತ್ತಿನಲ್ಲಿ ಮಾಳಿಗೆ ಹತ್ತಿ, ಕೆಳಗೆ ಕಿಕ್ಕಿರಿದ ಜನರ ಮೇಲೆ ಎರಡು ನಿಮಿಷ ಕ್ಯಾಮೆರಾ ತೆರೆದಿಟ್ಟೆ. ಕಿವಿಗೆ ಸಂತೆಯ ಗದ್ದಲ ಅಪ್ಪಳಿಸುತ್ತಲೇ ಇತ್ತು. ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಮೆಣಸಿನಕಾಯಿ ರಾಶಿ ಇತ್ತು, ಚೀಲಗಳಿದ್ದವು, ತಕ್ಕಡಿ ಇತ್ತು. ಮನುಷ್ಯರೇ ಇರಲಿಲ್ಲ.

‘ಅಗದಿ ಊರಽ ಖಾಲಿ ಆತಲ್ಲಲೇ ಮಾಸ್ತರ’ ಎಂದ ಇಮಾಮ. ಅವನ ದನಿ ಸಣ್ಣದಾಗಿತ್ತು.

ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ ಒಬ್ಬನಿದ್ದ. ಗೋಡೆಗೆ ಆತು ಕುಳಿತ ಮುದುಕ, ಕಣ್ಣು ಮುಚ್ಚಿ, ಬಾಯಿ ತೆರೆದು. ಕಲ್ಲಿನಲ್ಲಿ ಕೆತ್ತಿದಷ್ಟು ಸ್ಪಷ್ಟ. ನಾವಿಬ್ಬರೂ ದಡದಡ ಮೆಟ್ಟಿಲಿಳಿದು ಓಡಿದೆವು. ಹೋಗಿ ನೋಡಿದರೆ ಆಸಾಮಿ ಎದ್ದು ಕುಳಿತು ಮಿರ್ಚಿಬಜಿ ತಿನ್ನುತ್ತಿದ್ದ! ನಕ್ಕು ನಕ್ಕು ಸಾಕಾಯಿತು. ಆದರೆ ನನ್ನ ಎದೆ ಮಾತ್ರ ಜಾಗಕ್ಕೆ ಬರಲಿಲ್ಲ. ಸುತ್ತಲೂ ಎಲ್ಲ ಅಳಿಸಿ ಹೋಗಿ, ಗೋಡೆಗೆ ಆತು ಕುಳಿತವರೊಬ್ಬರೇ ಉಳಿಯುವ ಇಂಥದೇ ಇನ್ನೊಂದು ಫೋಟೋವನ್ನು ನಾನು ಹುಡುಗನಿದ್ದಾಗಿನಿಂದ ನೋಡುತ್ತ ಬಂದಿದ್ದೆ. ಅದು ನಮ್ಮ ಪಡಸಾಲೆಯಲ್ಲಿಯೇ ಇತ್ತು.

ಅದು ನಮ್ಮ ಆಯಿಯ ಫೋಟೋ. ಆಯಿ ಎಂದರೆ ನಮ್ಮಪ್ಪನ ತಾಯಿ. ನಮ್ಮ ಮನೆತನದಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ, ಹಣೆಗೆ ವಿಭೂತಿ ಎಳೆದು, ತಲೆಯ ಮೇಲೆ ಸೆರಗೋ ಶಾಲೋ ಹೊದಿಸಿ ಕೂಡ್ರಿಸಿದರೆ, ಬಂದವರು ದರ್ಶನ ಮಾಡಿಕೊಂಡು ಎದುರು ಕೂರುತ್ತಾರೆ. ಅದಕ್ಕೇ ನಮ್ಮ ಕಡೆ ‘ಇಂಥವರನ್ನ ಕೂಡ್ರಿಸ್ಯಾರಂತ’ ಎಂದು ಯಾರಾದರೂ ಬಂದು ಹೇಳಿದರೆ ಮುಂದೆ ಏನೂ ಕೇಳಬೇಕಾಗಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಡುವುದೇ. ಬದುಕಿದ್ದಾಗ ಒಂದೂ ಫೋಟೋ ತೆಗೆಸದ ಆಯಿಗೆ ಹೀಗೆ ಕೂಡ್ರಿಸಿದ ಮೇಲೆಯೇ ಫೋಟೋದ ಯೋಗ ಬಂತು. ಕತ್ತಲೆಯ ಪಡಸಾಲೆ. ಹಸನಸಾಬರು ‘ಯಾರೂ ಅಳ್ಳಾಡಬ್ಯಾಡ್ರಿ’ ಎಂದರಂತೆ. ಅಳುವವರು ಅಳ್ಳಾಡದೆ ಹೇಗಿರುತ್ತಾರೆ? ಸುತ್ತ ಕುಳಿತ ನಮ್ಮಪ್ಪ, ಅತ್ತೆಯಂದಿರು, ಆರು ವರ್ಷದ ನಾನು ಎಲ್ಲರೂ ಮಸುಕಾದೆವು. ಹೇಳಿದ ಮಾತು ಕೇಳಿದವಳು ಆಯಿಯೊಬ್ಬಳೇ.

ಕಣ್ಣು ಮುಚ್ಚಿದ ಫೋಟೋ ಮನೆಯಲ್ಲಿ ತೂಗುಹಾಕಬಾರದೆಂದು ಹಿರಿಯರು ಹಟ ಹಿಡಿದರು. ಆಗ ಸ್ಟುಡಿಯೋದವರು ಸಣ್ಣ ಕುಂಚದಿಂದ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆದುಕೊಡುತ್ತಿದ್ದರು. ‘ಕಣ್ಣು ತೆರೆಸುವುದು’ ಎಂದೇ ಅದಕ್ಕೆ ಹೆಸರು. ಹೀಗೆ ಆಯಿಯ ಕಣ್ಣೂ ತೆರೆಯಿತು. ಆವತ್ತಿನಿಂದ ನನ್ನ ನಿದ್ದೆ ಹಾರಿತು. ಅಡುಗೆಮನೆಯಿಂದ ಬೆಲ್ಲ ಕದ್ದು ಪಡಸಾಲೆ ದಾಟುವಾಗ ಆ ಕಣ್ಣು ನನ್ನ ಮುಷ್ಟಿಯನ್ನೇ ನೋಡುತ್ತಿದ್ದವು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಒಮ್ಮೆ ಸ್ಟೂಲು ಹತ್ತಿ ಫೋಟೋದ ಮೇಲೆ ಟವೆಲು ಹೊದಿಸಲು ಹೋಗಿ, ಕಣ್ಣಿಗೆ ಕಣ್ಣು ಎದುರಾಗಿ, ಸ್ಟೂಲು ಸಮೇತ ಬಿದ್ದೆ. ಗದ್ದದ ಮೇಲಿನ ಈ ಕಲೆ ಅದರದೇ.

ಹೆದರಿದವನು ನಾನೊಬ್ಬನೇ ಅಲ್ಲ. ನಮ್ಮಪ್ಪ ದಿನಾ ಆ ಫೋಟೋಕ್ಕೆ ಹೂವೇರಿಸುತ್ತಿದ್ದ, ತಲೆ ಎತ್ತುತ್ತಿರಲಿಲ್ಲ. ‘ಮಾರಿ ನಮ್ಮವ್ವಂದು ಖರೆ, ಕಣ್ಣ ನಮ್ಮವ್ವನವಲ್ಲ’ ಎನ್ನುತ್ತಿದ್ದ. ಯಾರವು ಎಂದರೆ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದ. ಅಪ್ಪ ತೀರಿದ ಮೇಲೂ ಆ ಪ್ರಶ್ನೆ ನನ್ನಲ್ಲಿ ಉಳಿಯಿತು. ನನಗಂತೂ ಆಯಿಯ ನಿಜವಾದ ನೋಟ ನೆನಪೇ ಇಲ್ಲ. ಆಕೆ ಕಣ್ಮುಂದೆ ಬಂದಾಗಲೆಲ್ಲ ಬರುವುದು ಈ ಬೇರೆಯವರ ಕಣ್ಣಿನಿಂದಲೇ. ಸ್ವಂತ ಆಯಿಯ ಮುಖ ನೆನೆದರೆ ಬೇರೆ ಯಾರೋ ನೋಡುತ್ತಾರೆಂದರೆ ಎಂಥ ಸಂಕಟ ಹೇಳಿ!

ಸಂತೆಯ ಚಿತ್ರ ತೆಗೆದ ದಿನ ಇದನ್ನೆಲ್ಲ ಇಮಾಮನಿಗೆ ಹೇಳಿದೆ. ಅವನು ಅಂಗಡಿಯ ಅಟ್ಟದಿಂದ ತೀರಿಹೋದ ತಂದೆಯ ತಗಡಿನ ಡಬ್ಬಿ ಇಳಿಸಿದ. ಒಣಗಿದ ಕಪ್ಪು ಬಣ್ಣದ ಬಟ್ಟಲು, ಭೂತಗನ್ನಡಿ, ಮತ್ತು ಈ ಕುಂಚ.

‘ನಮ್ಮ ಅಬ್ಬಾ ಕಣ್ಣ ತನ್ನ ಮನಸಿನಿಂದ ಬರೀತಿದ್ದಿಲ್ಲೋ’ ಎಂದ ಇಮಾಮ. ‘ಸತ್ತವರ ರಕ್ತಸಂಬಂಧದಾಗ ಒಬ್ಬರನ್ನ ಎದುರಿಗೆ ಕುಂದರಿಸಿಕೊಂಡು, ಅವರ ಕಣ್ಣ ನೋಡಿ ಬರೀತಿದ್ದ. ನಿಮ್ಮ ಆಯೀದು ಯಾರನ್ನ ನೋಡಿ ಬರದನೋ ಏನೋ. ನಿಮ್ಮ ಸಣ್ಣಾಯಿ ಇನ್ನ ಅದಾಳಲ್ಲ, ಆಕಿನ್ನ ಕೇಳೂಣು.’

ಸಣ್ಣಾಯಿ ಎಂದರೆ ಆಯಿಯ ತಂಗಿ. ದುಮ್ಮವಾಡದಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಎರಡು ಎಮ್ಮೆ ತುಂಬಿದ ಮನೆಯಲ್ಲಿ ಗದ್ದಲ ಮಾಡಿಕೊಂಡು ಇರುವ ಎಂಬತ್ತರ ಹತ್ತಿರದ ಮುದುಕಿ. ನನ್ನ ಚಿಕ್ಕಂದಿನಲ್ಲಿ ಆಕೆ ನಮ್ಮ ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆಯೇ ಕೂರುತ್ತಿದ್ದಳು. ಎಷ್ಟು ಕರೆದರೂ ಪಡಸಾಲೆಗೆ ಕಾಲಿಡುತ್ತಿರಲಿಲ್ಲ. ‘ಇಲ್ಲೇ ಗಾಳಿ ಐತಿ’ ಎನ್ನುತ್ತಿದ್ದಳು.

ನಾವು ಹೋದ ರವಿವಾರ ಮನೆಯಲ್ಲಿ ಆಕೆಯೊಬ್ಬಳೇ ಇದ್ದಳು. ಸೊಸೆ ಶಾಂತಕ್ಕ ಊರಂಚಿನ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಸಣ್ಣಾಯಿಗೆ ಈಗ ಕಣ್ಣು ಕಾಣುವುದಿಲ್ಲ. ನರ ಒಣಗಿವೆ, ಆಪರೇಶನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈಬಿಟ್ಟಿದ್ದಾರೆ. ಬಂದವರ ಗಲ್ಲ ಸವರಿ ಗುರುತು ಹಿಡಿಯುತ್ತಾಳೆ. ನನ್ನ ಗದ್ದದ ಕಲೆ ಮುಟ್ಟಿ, ‘ಚನ್ನಬಸ್ಯಾ!’ ಎಂದಳು. ಆಮೇಲೆ ಇಮಾಮನ ಗಲ್ಲ. ಫೋಟೋದ ಹಸನಸಾಬರ ಮಗ ಎಂದು ನಾನೇ ಹೇಳಿದೆ.

‘ಹಸನಸಾಬನ ಮಗನಾ? ಅವಂಗ ಎದಿಮಟ ಗಡ್ಡ ಇತ್ತಲ್ಲೋ. ನೀ ಏನ್ ಬೆಂಡಿಕಾಯಿಗತೆ ನುಣ್ಣಗ ಅದಿ!’

ಇಮಾಮ ನಾಚಿ ನಕ್ಕ. ನಾನು ಸುತ್ತು ಬಳಸದೆ ಕೇಳಿಬಿಟ್ಟೆ. ‘ಸಣ್ಣಾಯಿ, ನಮ್ಮ ಆಯಿ ಫೋಟೋದಾಗಿನ ಕಣ್ಣ ಯಾರವು?’

ಆಕೆ ಸ್ವಲ್ಪವೂ ತಡೆಯಲಿಲ್ಲ. ‘ನನ್ನವು. ಇವರಪ್ಪ ಎರಡ ದಿನ ನನ್ನ ಸ್ಟೂಲ್ ಮ್ಯಾಲೆ ಕುಂದರಿಸಿ, ಪಿಳಿಕಸಬ್ಯಾಡ್ರಿ ಅಂತ ಹೇಳಿ ಬರದ. ಬರದ ಮ್ಯಾಲೆ ತೋರಿಸಿದ. ಯವ್ವಾ, ಅಕ್ಕನ ಮಾರಿಯೊಳಗ ಕುಂತು ನಾನಽ ನನ್ನ ನೋಡಾಕತ್ತೀನಿ! ಅದಕ್ಕಽ ನಿಮ್ಮ ಪಡಸಾಲಿಗೆ ಬರತಿದ್ದಿಲ್ಲ. ಬಂದ್ರ ಅಲ್ಲಿದ್ದಾಕಿ ನಾನೋ, ಇಲ್ಲಿದ್ದಾಕಿ ನಾನೋ ಅನ್ನಂಗ ಆಗತಿತ್ತು.’ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸಾವಕಾಶ ಅಗಿದಳು. ‘ಕಣ್ಣ ಕೊಟ್ಟುಬಿಟ್ಟೆ ನೋಡು. ಮುಂದ ನನಗ ಎಲ್ಲಿಂದ ಉಳೀಬೇಕು?’

ಹೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಹುಡುಗನಿದ್ದಾಗ ಬೆಲ್ಲ ಕದ್ದದ್ದನ್ನು ನೋಡಿದ್ದು ಈ ಮುದುಕಿ ಎಂದು ಒಂದು ಕ್ಷಣ ನಂಬಿಯೇಬಿಟ್ಟೆ.

‘ಕ್ಯಾಮೆರಾ ತಂದೀಯೇನು?’ ಎಂದಳು. ‘ನಂದೊಂದು ತಗಿ. ನಾ ಹ್ವಾದಮ್ಯಾಲೆ ನನ್ನ ಮಾರಿಗೆ ಯಾರದ್ದರ ಕಣ್ಣ ಹಚ್ಚತಾರ. ಈಗ ಎಲ್ಲಾ ಕಂಪ್ಯೂಟರಿನ್ಯಾಗಂತ, ಯಾವಾಕಿ ಸಿನಿಮಾದಾಕಿದು ಹಚ್ಚತಾರೋ ಏನೋ! ಕುರುಡ ಇರಲಿ, ಹೆಂಗರ ಇರಲಿ, ನನ್ನ ಕಣ್ಣ ನನ್ನ ಮಾರಿ ಮ್ಯಾಲಽ ಇರಬೇಕು.’

ತಟ್ಟನೆ ಒಂದು ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಚಟ ಬಿಡಬೇಕಲ್ಲ! ಪಡಸಾಲೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದಿತ್ತು. ಅದರಲ್ಲಿ ತೇಲುವ ಧೂಳೆಲ್ಲ ಕರಗಿ ಬೆಳಕು ಹಾಲಿನ ಹಾಗೆ ಬರಲಿ ಎಂದು ಕಪ್ಪು ಗಾಜು ಸಿಗಿಸಿ, ಒಂದು ನಿಮಿಷ ತೆರೆದಿಡಲು ಲೆಕ್ಕ ಹಾಕಿದೆ. ಸಣ್ಣಾಯಿಯನ್ನು ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ, ತಲೆಯ ಮೇಲೆ ಶಾಲು ಹೊದಿಸಿದೆ. ಹಣೆಯ ಮೇಲೆ ಬೆಳಗಿನ ವಿಭೂತಿ ಇತ್ತು. ‘ಶಾಂತಾನ್ನೂ ಕರಿ, ಬಾಜು ಕುಂದರಲಿ’ ಎಂದಳು. ನಾನು ಶಾಂತಕ್ಕನಿಗೆ ಫೋನು ಹಚ್ಚಿದೆ.

‘ಶಾಂತಕ್ಕಾ, ನಾನು, ಕುಂದಗೋಳದ ಚನ್ನಬಸು. ಸಣ್ಣಾಯಿನ್ನ ಪಡಸಾಲ್ಯಾಗ ಕೂಡ್ರಿಸೀವಿ. ಫೋಟೋ ತಗ್ಯಾಕ ನಿಂತೀವಿ. ಲಗೂನ ಬಾ.’

ಆ ಕಡೆಯಿಂದ ಸದ್ದಿಲ್ಲ. ಫೋನು ಕಟ್ಟಾಯಿತು. ನೆಟ್‌ವರ್ಕ್ ಇಲ್ಲ ಎಂದುಕೊಂಡೆ. ಇಪ್ಪತ್ತು ಸಾವಿರ ಸಲ ಕೇಳಿದ ಮಾತು, ನನ್ನ ಬಾಯಿಂದಲೇ ಬಂದರೂ ನನ್ನ ತಲೆಗೆ ಹೋಗಲಿಲ್ಲ ನೋಡಿ. ಹತ್ತು ನಿಮಿಷ ಕಾದರೂ ಆಕೆ ಬರಲಿಲ್ಲ, ಬೆಳಕಿನ ಕೋಲು ಸರಿಯುತ್ತಿತ್ತು. ‘ಸಣ್ಣಾಯಿ, ಒಂದು ನಿಮಿಷ ಉಸರ ಸುದ್ದಾ ಮೆಲ್ಲಕ ಬಿಡು. ನಾ ಮುಗೀತು ಅನ್ನೂಮಟ ಅಳ್ಳಾಡಬ್ಯಾಡ’ ಎಂದು ಗುಂಡಿ ಒತ್ತಿದೆ. ಇಮಾಮ ತಲೆ ತಗ್ಗಿಸಿ ಗಡಿಯಾರ ನೋಡುತ್ತ ನಿಂತ.

ಇಪ್ಪತ್ತೈದು, ಇಪ್ಪತ್ತಾರು. ಬೀದಿಯ ಕಡೆಯಿಂದ ಕೂಗು ಕೇಳಿತು. ‘ಯತ್ತೀ! ನನ್ನ ಬಿಟ್ಟ ಹ್ವಾದ್ಯಾ ಯತ್ತೀ!’ ಶಾಂತಕ್ಕ ಕೈಯಲ್ಲಿ ಕುಡುಗೋಲು ಹಿಡಿದೇ ಹೊಸ್ತಿಲಿಗೆ ಬಂದಳು. ಹಿಂದೆ ಹೊಲದಲ್ಲಿದ್ದ ಐದಾರು ಹೆಂಗಸರು. ಒಳಗೆ ಅವರಿಗೆ ಕಂಡದ್ದೇನು? ಗೋಡೆಗೆ ಆತು ಕುಳಿತ ಮುದುಕಿ, ವಿಭೂತಿ, ಶಾಲು, ಎದುರು ಕ್ಯಾಮೆರಾ, ತಲೆ ತಗ್ಗಿಸಿ ನಿಂತ ಇಮಾಮ. ತಡೀರಿ ಎಂದು ನಾನು ಕೈ ಎತ್ತಿದೆ. ಎಲ್ಲಾ ಮುಗೀತು ಎಂದು ಅವರು ಅರ್ಥ ಮಾಡಿಕೊಂಡರು. ಶಾಂತಕ್ಕ ಕುಡುಗೋಲು ಬಿಸಾಕಿ ಎದೆ ಎದೆ ಬಡಿದುಕೊಂಡಳು. ಹೆಂಗಸರು ಒಳನುಗ್ಗಿ ಮುದುಕಿಯ ಎರಡೂ ಬದಿಗೆ ಕುಳಿತು, ಎದ್ದು, ತೂಗಾಡಿ ಅತ್ತರು. ನಾನು ಎತ್ತಿದ ಕೈ ಇಳಿಸದೆ ನಿಂತೇ ಇದ್ದೆ.

ಮತ್ತು ಸಣ್ಣಾಯಿ ಅಳ್ಳಾಡಲಿಲ್ಲ! ಅಳ್ಳಾಡಬ್ಯಾಡ ಎಂದಿದ್ದೆನಲ್ಲ. ತನ್ನ ಹೆಸರು ಹಿಡಿದು ಅಳುವುದನ್ನು ಕೇಳುತ್ತ ಮೆಲ್ಲಗೆ ಕಣ್ಣು ಮುಚ್ಚಿದಳು, ಅಷ್ಟೇ. ಆ ಅರ್ಧ ನಿಮಿಷ ನನಗೂ ಗೊತ್ತಾಗದೆ ಹೋಯಿತು. ಈಕೆ ಇದ್ದಾಳೋ ಇಲ್ಲವೋ? ಕ್ಯಾಮೆರಾ ಕಟ್ ಎಂದಿತು.

‘ಮು... ಮುಗೀತು’ ಎಂದೆ.

‘ಮುಗೀತನೋ?’ ಎಂದು ಸಣ್ಣಾಯಿ ಕುತ್ತಿಗೆ ಹೊರಳಿಸಿದಳು. ಹೆಂಗಸರು ಕಿಟಾರನೆ ಕಿರುಚಿ ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬಾಕೆ ಬೀದಿಗೆ ಓಡಿದವಳು ತಿರುಗಿ ಬರಲೇ ಇಲ್ಲ. ‘ಶಾಂತಾ, ನೀ ಅತ್ತದ್ದು ಖರೆ ಐತಿ’ ಎಂದಳು ಸಣ್ಣಾಯಿ. ‘ನಿನ್ನ ಹಿಂದ ಒಬ್ಬಾಕಿ ಅಳೂದ ಬಿಟ್ಟು ನಡುನಡುವ ಶೇಂಗಾ ತಿಂತಿದ್ಲಲ್ಲ, ಆಕಿ ಯಾರು?’

ಶಾಂತಕ್ಕ ಅತ್ತೆಯನ್ನು ತಬ್ಬಿಕೊಂಡು ಇನ್ನೊಮ್ಮೆ ಅತ್ತಳು, ಆಮೇಲೆ ನನಗೆ ಬಾಯಿತುಂಬ ಬೈದಳು. ಬೈಸಿಕೊಂಡು ಮುಗಿದ ಮೇಲೆ ನಾನೂ ಇಮಾಮನೂ ಪರದೆ ನೋಡಿದೆವು.

ಅಷ್ಟು ಹೆಂಗಸರಲ್ಲಿ ಒಬ್ಬಳೂ ಇರಲಿಲ್ಲ. ಎರಡೂ ಬದಿಗೆ ಬೂದುಬಣ್ಣದ ಹೊಗೆ ಇತ್ತು. ನಡುವೆ ಸಣ್ಣಾಯಿ, ಒಂದೊಂದು ಸುಕ್ಕೂ ಎಣಿಸುವಷ್ಟು ಸ್ಪಷ್ಟ. ನಮ್ಮ ಪಡಸಾಲೆಯ ಫೋಟೋವೇ ಎದ್ದು ಬಂದು ಇಲ್ಲಿ ಕುಳಿತಂತಿತ್ತು. ಅರ್ಧ ಹೊತ್ತು ತೆರೆದು, ಅರ್ಧ ಹೊತ್ತು ಮುಚ್ಚಿದ್ದರಿಂದ ಕ್ಯಾಮೆರಾ ಎರಡನ್ನೂ ಒಂದರ ಮೇಲೊಂದು ಹಿಡಿದಿತ್ತು. ರೆಪ್ಪೆ ಮುಚ್ಚಿದ್ದವು. ಮುಚ್ಚಿದ ರೆಪ್ಪೆಯ ಒಳಗಿನಿಂದ ಕಣ್ಣು ನೋಡುತ್ತಿದ್ದವು. ಲೆಕ್ಕದ ಪ್ರಕಾರ ಹಾಗೆಯೇ ಆಗಬೇಕು. ಲೆಕ್ಕ ಗೊತ್ತಿದ್ದೂ ನನ್ನ ಮೈಮೇಲಿನ ಕೂದಲು ನೆಟ್ಟಗಾದವು.

‘ನನ್ನ ಕಣ್ಣ ಬಂದಾವೇನೋ?’ ಎಂದಳು ಸಣ್ಣಾಯಿ.

‘ಬಂದಾವು.’

‘ತೆರದಾವೋ, ಮುಚ್ಚ್ಯಾವೋ?’

‘ಎರಡೂ ಅದಾವ್ರಿ ಆಯಿ’ ಎಂದ ಇಮಾಮ.

ಆಕೆ ತಲೆಯ ಮೇಲಿನ ಶಾಲು ಸರಿಸಿದಳು. ‘ಹಂಗಾರ ಅದಽ ಇರಲಿ. ಮತ್ತೊಂದು ತಗೀಬ್ಯಾಡ್ರಿ’ ಎಂದಳು. ಹೊರಡುವಾಗ ನನ್ನ ಕೈ ಹಿಡಿದಳು. ‘ನನ್ನವು ನನ್ನ ಮಾರಿಗೆ ಬಂದ್ವು. ಇನ್ನ ಅಲ್ಲಿವು ಯಾಕ? ಅಕ್ಕನ ಕಣ್ಣ ಮುಚ್ಚಿಬಿಡ್ರೋ. ಐವತ್ತ ವರ್ಷದ ಹತ್ರ ಬಂತು, ಆಕಿಗೆ ನಿದ್ದಿಲ್ಲ.’

ಆ ವಾರ ನನಗೂ ನಿದ್ದೆ ಬರಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಫೋಟೋ ಇಳಿಸಿ, ಗಾಜು ಬಿಚ್ಚಿ, ಪಡಸಾಲೆಯ ಮೇಜಿನ ಮೇಲಿಟ್ಟೆವು. ಇಮಾಮ ನೀರಿನ ಬಟ್ಟಲು, ಹತ್ತಿ, ಕುಂಚ ಮುಂದಿಟ್ಟುಕೊಂಡು ಕುಳಿತ. ‘ಅಬ್ಬಾ ಬರದದ್ದಲೇ. ಅದನ್ನ ನಾ ಹೆಂಗ ಅಳಸಲಿ?’ ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಒತ್ತಾಯ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ತುಟಿಯಲ್ಲೇ ಏನೋ ಹೇಳಿಕೊಂಡು, ಕುಂಚ ನೀರಿಗೆ ಅದ್ದಿ ಎಡಗಣ್ಣಿನ ಅಂಚು ಒದ್ದೆ ಮಾಡಿದ. ಕಪ್ಪು ಬಣ್ಣ ಮೆಲ್ಲಗೆ ಬಿಟ್ಟುಕೊಂಡಿತು. ಕೆಳಗಿನಿಂದ ರೆಪ್ಪೆ ಕಾಣಿಸಿತು. ಒಂದು ಕಣ್ಣು ಮುಚ್ಚಿ, ಇನ್ನೊಂದು ನನ್ನನ್ನೇ ನೋಡುತ್ತಿತ್ತು. ನನಗೆ ಹಳೆಯ ಭಯವೆಲ್ಲ ಒತ್ತರಿಸಿ ಬಂತು.

‘ಇನ್ನೊಂದೂ ತಗೀಲೋ?’

‘ತಗಿ. ಅದೂ ಸಣ್ಣಾಯೀದಽ’ ಎಂದೆ.

ಬಲಗಣ್ಣೂ ಹೋಯಿತು. ಮುಖ ಪೂರ್ತಿ ಬೇರೆಯಾಯಿತು. ಬೇರೆ ಎಂದರೆ, ಅದು ಆಯಿಯದಾಯಿತು. ಹುಬ್ಬಿನ ನಡುವಿನ ಬಿಗಿ ಸಡಿಲಿಸಿ, ತುಸು ಬಾಯಿ ಓರೆ ಮಾಡಿ, ಕೆಲಸವೆಲ್ಲ ಮುಗಿಸಿ ಮಧ್ಯಾಹ್ನ ಗೋಡೆಗೆ ಆತು ತೂಕಡಿಸುತ್ತಿದ್ದ ಹೆಂಗಸು. ಆ ತೂಕಡಿಕೆ ನನಗೆ ನೆನಪಿತ್ತು! ಹಾಗೆ ತೂಕಡಿಸುವಾಗ ಆಕೆಯ ತೊಡೆಯ ಮೇಲೆ ನಾನು ಮಲಗುತ್ತಿದ್ದೆ. ಅಪ್ಪ ಇದನ್ನು ನೋಡಬೇಕಿತ್ತು ಅನಿಸಿ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಮೊದಲ ಸಲ ನನ್ನ ಚಟಕ್ಕೆ ಏನೂ ಅನ್ನದೆ ಚಹಾಕ್ಕೆ ಇಟ್ಟಳು. ಕುಂಚವನ್ನು ಇಮಾಮ ಮನೆಗೆ ಒಯ್ಯಲೊಲ್ಲೆ ಎಂದ. ಹಾಗೆ ಅದು ನನ್ನ ಚೀಲ ಸೇರಿತು.

ಎರಡು ವಾರ ಬಿಟ್ಟು ಸಣ್ಣಾಯಿಯ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ದುಮ್ಮವಾಡಕ್ಕೆ ಹೋದೆವು. ಇಳಿಬಿಸಿಲು. ಮುದುಕಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಗಾಡಿಯ ಸದ್ದಿಗೆ ಮುಖ ಎತ್ತಿದಳು. ನಾವಿನ್ನೂ ಅಂಗಳದ ಆಚೆ ಇದ್ದೆವು, ಒಂದು ಮಾತೂ ಆಡಿರಲಿಲ್ಲ.

‘ಹಾಂ, ಈಗ ನೋಡು’ ಎಂದಳು ಇಮಾಮನ ಕಡೆಗೆ. ‘ಗಡ್ಡ ಬಿಟ್ಟಮ್ಯಾಲೆ ಅಗದಿ ನಿಮ್ಮಪ್ಪನಂಗಽ ಕಾಣಾಕತ್ತಿ.’

ಇಮಾಮನ ಕೈ ತಾನಾಗಿಯೇ ಗಲ್ಲಕ್ಕೆ ಹೋಯಿತು. ತಂದೆಯ ಬಣ್ಣ ಅಳಿಸಿದ ಆ ಶನಿವಾರದಿಂದ ಅವನು ಕ್ಷೌರದ ಕತ್ತಿ ಮುಟ್ಟಿರಲಿಲ್ಲ. ಶಾಂತಕ್ಕ ಹೇಳಿರಬೇಕು ಎಂದುಕೊಂಡೆ. ಆಕೆಗೆ ಯಾರು ಹೇಳಿದರೋ ಎಂದೂ ಅಂದುಕೊಂಡೆ. ಅಷ್ಟರಲ್ಲಿ ಶಾಂತಕ್ಕ ಒಳಗಿನಿಂದ ಬಂದವಳು ಗಕ್ಕನೆ ನಿಂತು ನಕ್ಕಳು.

‘ಅಯ್ಯ, ಇಮಾಮಣ್ಣಾ! ಇದೇನ್ರಿ, ಗಡ್ಡ ಯಾವಾಗ ಬಿಟ್ರಿ?’

‘ಅದನ್ನ ನಾ ಆಗಳೇ ಹೇಳೀನಿ’ ಎಂದಳು ಸಣ್ಣಾಯಿ. ‘ನೀ ಹೋಗಿ ಚಾ ತಾ.’